ಆ ಸಿಆರ್‌ಟಿ ಬೇರೆ, ಈ ಸಿಆರ್‌ಟಿ ಬೇರೆ: ಅಮೆರಿಕದ ಪಠ್ಯ ಜಗಳದ ಒಳಗೆ

ಸಿಆರ್‌ಟಿ ಎಂದರೆ ನನ್ನ ವಯಸ್ಸಿನವರಿಗೆ ನೆನಪಾಗುವುದು ಬೆನ್ನು ಗೂನಾಗಿದ್ದ ಹಳೆಯ ಟಿವಿ. ಹಾಗಾಗಿ ಚಿಕ್ಕಮ್ಮನ ಮಗಳು ವಾಟ್ಸ್‌ಆ್ಯಪ್‌ನಲ್ಲಿ, "ಅಣ್ಣಾ, ನಮ್ಮ ಶಾಲೆಯಲ್ಲಿ ಸಿಆರ್‌ಟಿ ಕಲಿಸುತ್ತಾರೆ ಎಂದು ಒಬ್ಬರು, ಇಲ್ಲವೇ ಇಲ್ಲ ಎಂದು ಇನ್ನೊಬ್ಬರು ಹೇಳುತ್ತಿದ್ದಾರೆ. ಹಾಗೆಂದರೆ ಏನು?" ಎಂದು ಕೇಳಿದಾಗ ಮೊದಲು ನಗು ಬಂತು. ಅವಳು ಇರುವುದು ವರ್ಜೀನಿಯಾ ರಾಜ್ಯದ ಆಶ್‌ಬರ್ನ್‌ನಲ್ಲಿ. ಅದು ಲೌಡನ್ ಕೌಂಟಿಗೆ ಸೇರಿದ ಊರು. ಕನ್ನಡದ ಮನೆಗಳೂ ಸೇರಿದಂತೆ ಭಾರತೀಯ ಕುಟುಂಬಗಳು ದಟ್ಟವಾಗಿರುವ ಜಾಗ. ಅಮೆರಿಕದ ಪಠ್ಯ ಜಗಳ ಅತಿ ಹೆಚ್ಚು ಸದ್ದು ಮಾಡಿದ್ದೂ ಅದೇ ಕೌಂಟಿಯಲ್ಲಿ.

ಅವಳಿಗೆ ಬರೆದ ಉತ್ತರ ಉದ್ದವಾಯಿತು. ಅಲ್ಲಿ ಮಕ್ಕಳು, ಮೊಮ್ಮಕ್ಕಳು ಇರುವ ಹಲವರಿಗೆ ಇದೇ ಗೊಂದಲ ಇರಬಹುದೆಂದು ಅದನ್ನೇ ಇಲ್ಲಿ ಹಿಗ್ಗಿಸಿದ್ದೇನೆ.

ಪಾಠ ಯಾವುದೆಂದು ತೀರ್ಮಾನಿಸುವವರು ಯಾರು?

ನಮ್ಮಲ್ಲಿ ಸರ್ಕಾರಿ ಪಠ್ಯಪುಸ್ತಕ ಬೆಂಗಳೂರಿನಲ್ಲಿ ಸಿದ್ಧವಾಗಿ ಬೀದರಿನಿಂದ ಚಾಮರಾಜನಗರದವರೆಗೆ ಹೋಗುತ್ತದೆ. ಪಾಠ ಬದಲಾದರೆ ಜಗಳವೂ ಬೆಂಗಳೂರಿನಲ್ಲೇ ನಡೆಯುತ್ತದೆ. 2022ರ ಪಠ್ಯ ಪರಿಷ್ಕರಣೆಯ ಗದ್ದಲವನ್ನು ಯಾರೂ ಮರೆತಿರಲಾರರು. ಅಮೆರಿಕದಲ್ಲಿ ದೇಶಕ್ಕೆಲ್ಲ ಒಂದೇ ಪಠ್ಯಕ್ರಮ ಎಂಬುದಿಲ್ಲ. ಯಾವ ತರಗತಿಯಲ್ಲಿ ಏನು ತಿಳಿದಿರಬೇಕು ಎಂಬ ಪಟ್ಟಿಯನ್ನು ಆಯಾ ರಾಜ್ಯ ಮಾಡುತ್ತದೆ. ಯಾವ ಪುಸ್ತಕ, ಯಾವ ತರಬೇತಿ, ಗ್ರಂಥಾಲಯದಲ್ಲಿ ಏನಿರಬೇಕು ಎಂಬುದರಲ್ಲಿ ಬಹುಪಾಲು ಸ್ಥಳೀಯ ಶಾಲಾ ಜಿಲ್ಲೆಗೆ ಬಿಟ್ಟದ್ದು. ಅಂಥ ಜಿಲ್ಲೆಗಳು ದೇಶದಲ್ಲಿ ಸುಮಾರು 13,000 ಇವೆ.

ಪ್ರತಿ ಜಿಲ್ಲೆಗೂ ಒಂದು ಸ್ಕೂಲ್ ಬೋರ್ಡ್. ಅದರ ಸದಸ್ಯರನ್ನು ಹೆಚ್ಚಿನ ಕಡೆ ಜನರೇ ಮತ ಹಾಕಿ ಆರಿಸುತ್ತಾರೆ. ನಮ್ಮ ಶಾಲೆಗಳ ಎಸ್‌ಡಿಎಂಸಿಗೆ ಬಿಸಿಯೂಟ, ಕಾಂಪೌಂಡು, ಶೌಚಾಲಯದ ಮೇಲೆ ಕಣ್ಣಿಡುವ ಕೆಲಸವಿದೆಯಲ್ಲ, ಅದಕ್ಕೆ ಪಾಠ, ಬಜೆಟ್ಟು, ಮುಖ್ಯ ಅಧಿಕಾರಿಯ ನೇಮಕವನ್ನೂ ಕೊಟ್ಟು, ಅದನ್ನು ಇಡೀ ತಾಲ್ಲೂಕಿನಷ್ಟು ದೊಡ್ಡದು ಮಾಡಿದರೆ ಹೇಗಿರುತ್ತದೋ ಹಾಗೆ. ಲೌಡನ್‌ನ ಬೋರ್ಡಿನಲ್ಲಿ ಒಂಬತ್ತು ಸದಸ್ಯರಿದ್ದಾರೆ. ಅವರ ಕೈಕೆಳಗೆ ಸುಮಾರು 80,000 ಮಕ್ಕಳು ಓದುತ್ತಾರೆ.

ಬೋರ್ಡಿನ ಸಭೆ ಸಾರ್ವಜನಿಕ. ಮೊದಲೇ ಹೆಸರು ಬರೆಸಿದವರು ಮೈಕಿನ ಮುಂದೆ ನಿಂತು ಒಂದೆರಡು ನಿಮಿಷ ಮಾತನಾಡಬಹುದು. ಸಮಯ ಮುಗಿಯಿತೆಂದರೆ ಮುಂದಿನವರ ಸರದಿ. ಸದಸ್ಯರು ಸಾಮಾನ್ಯವಾಗಿ ಉತ್ತರ ಕೊಡುವುದಿಲ್ಲ, ಕೇಳಿಸಿಕೊಳ್ಳುತ್ತಾರೆ ಅಷ್ಟೆ. ವರ್ಷಗಟ್ಟಲೆ ಖಾಲಿ ಕುರ್ಚಿಗಳ ಎದುರು ಬಸ್ಸಿನ ಮಾರ್ಗ, ಛಾವಣಿ ದುರಸ್ತಿಯ ಚರ್ಚೆ ನಡೆಯುತ್ತಿದ್ದ ಜಾಗ ಅದು. ಮತದಾನವೂ ಕಡಿಮೆ. ಸ್ವಲ್ಪ ಜನ ಗಟ್ಟಿಯಾಗಿ ಸಂಘಟಿತರಾದರೂ ಸಾಕು, ಬೋರ್ಡನ್ನು ಅಲುಗಾಡಿಸಬಹುದು. ಮುಂದಿನದನ್ನೆಲ್ಲ ಓದುವಾಗ ಇದು ನೆನಪಿರಲಿ.

ಸಿಆರ್‌ಟಿ: ಹುಟ್ಟಿದ ಮನೆ ಯಾವುದು?

ಪೂರ್ತಿ ಹೆಸರು ಕ್ರಿಟಿಕಲ್ ರೇಸ್ ಥಿಯರಿ, ಅಂದರೆ ವಿಮರ್ಶಾತ್ಮಕ ಜನಾಂಗ ಸಿದ್ಧಾಂತ. ಇದು ಶಾಲೆಯ ಪಾಠವಾಗಿ ಹುಟ್ಟಿದ್ದಲ್ಲ. 1970ರ ದಶಕದಿಂದೀಚೆಗೆ ಕಾನೂನು ಕಾಲೇಜುಗಳಲ್ಲಿ ಬೆಳೆದದ್ದು. ಅದರ ಮೂಲ ಪುರುಷರಲ್ಲಿ ಒಬ್ಬರು ಡೆರಿಕ್ ಬೆಲ್. ಬಿಳಿಯ ಮತ್ತು ಕಪ್ಪು ಮಕ್ಕಳಿಗೆ ಪ್ರತ್ಯೇಕ ಸರ್ಕಾರಿ ಶಾಲೆ ನಡೆಸುವುದು ಸಂವಿಧಾನಬಾಹಿರ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1954ರಲ್ಲಿ ತೀರ್ಪು ಕೊಟ್ಟಿತ್ತು. ಅದನ್ನು ಜಾರಿಗೆ ತರಲು ಊರೂರು ಅಲೆದು ಮೊಕದ್ದಮೆ ನಡೆಸಿದ ವಕೀಲರು ಬೆಲ್. ಕಾನೂನು ಬದಲಾದರೂ ಶಾಲೆಗಳು ಮತ್ತೆ ಮತ್ತೆ ಬೇರೆಬೇರೆಯೇ ಆಗುವುದನ್ನು ಕಂಡು ಅವರು ಕೇಳಿದ ಪ್ರಶ್ನೆ ಇದು: ಕಾಯಿದೆಯಲ್ಲಿ ಭೇದಭಾವದ ಒಂದಕ್ಷರ ಇಲ್ಲದಿದ್ದರೂ ಫಲಿತಾಂಶದಲ್ಲಿ ಭೇದ ಉಳಿಯುವುದೇಕೆ?

ಒಂದು ಉದಾಹರಣೆ ನೋಡೋಣ. 1930ರ ದಶಕದಲ್ಲಿ ಒಂದು ಕೇಂದ್ರ ಸರ್ಕಾರಿ ಸಂಸ್ಥೆ ನಗರಗಳ ನಕ್ಷೆ ಬರೆದು, ಸಾಲ ಕೊಡುವುದು ಅಪಾಯ ಎನಿಸಿದ ಬಡಾವಣೆಗಳಿಗೆ ಕೆಂಪು ಬಳಿಯಿತು. ಕಪ್ಪು ಜನರಿದ್ದ ಬಡಾವಣೆಗಳು ಬಹುತೇಕ ಕೆಂಪಾದವು. ಅಂಥ ಕಡೆ ಮನೆ ಸಾಲ ಸಿಗುವುದು ದುಸ್ತರವಾಗಿತ್ತು. ಸಾಲವಿಲ್ಲದಿದ್ದರೆ ಸ್ವಂತ ಮನೆಯಿಲ್ಲ, ಇದ್ದ ಮನೆಗೂ ಬೆಲೆ ಬರುವುದಿಲ್ಲ. 1968ರ ಕಾಯಿದೆ ಈ ತಾರತಮ್ಯವನ್ನು ನಿಷೇಧಿಸಿತು. ಆದರೆ ಅಮೆರಿಕದ ಶಾಲೆಗಳಿಗೆ ಹಣದ ದೊಡ್ಡ ಪಾಲು ಬರುವುದು ಸ್ಥಳೀಯ ಮನೆ ಕಂದಾಯದಿಂದ. ಮನೆಗೆ ಬೆಲೆ ಇಲ್ಲದ ಕಡೆ ಕಂದಾಯ ಕಡಿಮೆ, ಶಾಲೆಯೂ ಸೊರಗುತ್ತದೆ. ಇಂದು ಅಲ್ಲಿನ ಯಾವ ಅಧಿಕಾರಿಯ ಮನಸ್ಸಿನಲ್ಲೂ ದ್ವೇಷವಿಲ್ಲದಿರಬಹುದು. ಅಜ್ಜನ ಕಾಲದ ನಕ್ಷೆ ಮೊಮ್ಮಗನ ಬೆಂಚಿನವರೆಗೆ ಬಂದಿರುತ್ತದೆ. ವರ್ಣಭೇದವನ್ನು ಬರೀ ಕೆಟ್ಟ ಮನುಷ್ಯರ ಕೆಟ್ಟ ನಡತೆ ಎಂದು ನೋಡದೆ, ವ್ಯವಸ್ಥೆಯೊಳಗೆ ಹೆಣೆದುಕೊಂಡ ಸಂಗತಿಯಾಗಿ ನೋಡಬೇಕು ಎಂಬುದು ಈ ಸಿದ್ಧಾಂತದ ತಿರುಳು.

ಇದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಎಲ್ಲವನ್ನೂ ಜನಾಂಗದ ಕನ್ನಡಕದಿಂದಲೇ ನೋಡಿದರೆ ವ್ಯಕ್ತಿಯ ಶ್ರಮ, ಆಯ್ಕೆ ಕಾಣದೆ ಹೋಗುತ್ತವೆ. ಬಣ್ಣವನ್ನು ಲೆಕ್ಕಿಸದ ಕಾನೂನೇ ನ್ಯಾಯ ಎಂಬ ಆದರ್ಶವೇ ಕುಸಿಯುತ್ತದೆ ಎಂಬುದು ಅವರ ವಾದ. ಆದರೆ ನಾಲ್ಕನೇ ತರಗತಿಯ ಮಗು ಬೆಲ್ ಅವರ ಲೇಖನ ಓದುವುದಿಲ್ಲ. ಹಾಗಿದ್ದ ಮೇಲೆ ಈ ಮಾತು ಶಾಲೆಗೆ ಬಂದದ್ದು ಹೇಗೆ?

ಒಂದೇ ಗೋಣಿಚೀಲಕ್ಕೆ ಎಲ್ಲವೂ

2019ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಮ್ಯಾಗಜಿನ್ ಪತ್ರಕರ್ತೆ ನಿಕೋಲ್ ಹ್ಯಾನಾ-ಜೋನ್ಸ್ ಅವರ ನೇತೃತ್ವದಲ್ಲಿ '1619 ಪ್ರಾಜೆಕ್ಟ್' ಪ್ರಕಟಿಸಿತು. ಇಂಗ್ಲಿಷರ ವರ್ಜೀನಿಯಾಕ್ಕೆ ಸೆರೆ ಸಿಕ್ಕ ಆಫ್ರಿಕನ್ನರನ್ನು ಹಡಗಿನಲ್ಲಿ ತಂದಿಳಿಸಿದ ವರ್ಷ 1619. ಅಮೆರಿಕದ ಕಥೆಯನ್ನು ಸ್ವಾತಂತ್ರ್ಯ ಘೋಷಣೆಯ 1776ರಿಂದಲ್ಲ, 1619ರಿಂದ ಹೇಳಿದರೆ ಹೇಗಿರುತ್ತದೆ ಎಂಬುದು ಅದರ ಹೂರಣ. ಪುಲಿಟ್ಜರ್ ಪ್ರಶಸ್ತಿ ಬಂತು, ಶಾಲೆಗಳಿಗಾಗಿ ಪಾಠಗಳೂ ತಯಾರಾದವು. ಅಮೆರಿಕದ ಸ್ವಾತಂತ್ರ್ಯ ಕ್ರಾಂತಿಗೆ ಗುಲಾಮಗಿರಿಯ ರಕ್ಷಣೆಯೇ ಒಂದು ಪ್ರಮುಖ ಕಾರಣ ಎಂಬ ಅದರ ಮಾತನ್ನು ಹಿರಿಯ ಇತಿಹಾಸಕಾರರು ಪತ್ರ ಬರೆದು ಪ್ರಶ್ನಿಸಿದರು. ಕೆಲವು ತಿಂಗಳ ನಂತರ ಪತ್ರಿಕೆ ಆ ವಾಕ್ಯವನ್ನು ತಿದ್ದಿ, ವಸಾಹತುಗಾರರಲ್ಲಿ 'ಕೆಲವರಿಗೆ' ಅದು ಕಾರಣವಾಗಿತ್ತು ಎಂದಿತು.

2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಪೊಲೀಸನ ಮೊಣಕಾಲಿನಡಿ ಜಾರ್ಜ್ ಫ್ಲಾಯ್ಡ್ ಸತ್ತರು. ಆ ಬೇಸಿಗೆಯಲ್ಲಿ ಕಚೇರಿ, ಶಾಲೆ, ವಸ್ತುಸಂಗ್ರಹಾಲಯಗಳೆಲ್ಲ ವರ್ಣಭೇದದ ಬಗ್ಗೆ ತರಬೇತಿಗೆ ಮುಗಿಬಿದ್ದವು. ಕೆಲವು ತರಬೇತಿಗಳು ಹದ ತಪ್ಪಿದವು. ವಾಷಿಂಗ್ಟನ್‌ನ ಆಫ್ರಿಕನ್ ಅಮೆರಿಕನ್ ವಸ್ತುಸಂಗ್ರಹಾಲಯ ತನ್ನ ಜಾಲತಾಣದಲ್ಲಿ ಹಾಕಿದ್ದ ಒಂದು ಪಟ್ಟಿಯಲ್ಲಿ ಕಷ್ಟಪಟ್ಟು ದುಡಿಯುವುದು, ತರ್ಕಬದ್ಧ ಚಿಂತನೆ ಇವೆಲ್ಲ 'ಬಿಳಿಯ ಸಂಸ್ಕೃತಿ'ಯ ಲಕ್ಷಣಗಳಾಗಿದ್ದವು. ಟೀಕೆ ಬಂದ ಮೇಲೆ ಅದನ್ನು ತೆಗೆದರು. ಕಷ್ಟಪಟ್ಟು ದುಡಿಯುವುದು ಬಿಳಿಯರ ಸೊತ್ತು ಎಂದರೆ ರಾಗಿ ಹೊಲದಲ್ಲಿ ಬೆನ್ನು ಬಗ್ಗಿಸಿದ ನಮ್ಮ ಅಜ್ಜಿಯೂ ಹುಬ್ಬೇರಿಸುತ್ತಿದ್ದರು.

ಇಲ್ಲಿ ಬರುತ್ತಾರೆ ಕ್ರಿಸ್ಟೊಫರ್ ರೂಫೊ. ಸಾಕ್ಷ್ಯಚಿತ್ರ ನಿರ್ಮಾಪಕರಾಗಿದ್ದ ಅವರು ಇಂಥ ತರಬೇತಿಗಳ ಕಾಗದಪತ್ರ ಸಂಗ್ರಹಿಸಿ ಬರೆಯತೊಡಗಿದರು. ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೊ ಎಂದರೆ ಭಾರತೀಯ ಎಂಜಿನಿಯರುಗಳ ಊರು. ಅಲ್ಲಿನ ಶಾಲೆಯೊಂದರಲ್ಲಿ ಮೂರನೇ ತರಗತಿಯ ಮಕ್ಕಳಿಗೆ ತಮ್ಮ ಗುರುತುಗಳನ್ನು ಅಧಿಕಾರದ ಏಣಿಯಲ್ಲಿ ಜೋಡಿಸಲು ಹೇಳಿದರೆಂದೂ ಪೋಷಕರ ವಿರೋಧದಿಂದ ಪಾಠ ನಿಂತಿತೆಂದೂ ಅವರು ವರದಿ ಮಾಡಿದರು. 2020ರ ಸೆಪ್ಟೆಂಬರ್ ಆರಂಭದಲ್ಲಿ ಫಾಕ್ಸ್ ನ್ಯೂಸ್ ಎಂಬ ಬಲಪಂಥೀಯ ಟಿವಿ ವಾಹಿನಿಯಲ್ಲಿ ಕುಳಿತು ರೂಫೊ, ಅಧ್ಯಕ್ಷ ಟ್ರಂಪ್ ಇದರ ವಿರುದ್ಧ ಕ್ರಮ ಕೈಗೊಳ್ಳಬೇಕೆಂದು ಕೇಳಿಕೊಂಡರು. ಕೆಲವೇ ದಿನಗಳಲ್ಲಿ ಸರ್ಕಾರದ ಸುತ್ತೋಲೆ, ಅದೇ ತಿಂಗಳ 22ರಂದು ಅಧ್ಯಕ್ಷರ ಆದೇಶ ಹೊರಬಿತ್ತು.

ತಂತ್ರವನ್ನು ರೂಫೊ ಮುಚ್ಚಿಡಲೂ ಇಲ್ಲ. ಪತ್ರಿಕೆಯಲ್ಲಿ ಯಾವುದೇ ವಿಪರೀತದ ಸುದ್ದಿ ಓದಿದರೂ ಜನರಿಗೆ ತಕ್ಷಣ ಕ್ರಿಟಿಕಲ್ ರೇಸ್ ಥಿಯರಿ ನೆನಪಾಗಬೇಕು, ಅದೇ ಗುರಿ ಎಂದು 2021ರ ಮಾರ್ಚ್‌ನಲ್ಲಿ ಟ್ವಿಟರ್‌ನಲ್ಲಿ ಬರೆದರು. ಅಲ್ಲಿಂದ ಮುಂದೆ ಆ ಮೂರಕ್ಷರ ಗೋಣಿಚೀಲವಾಯಿತು. ಕಾನೂನು ಸಿದ್ಧಾಂತ, ಶಿಕ್ಷಕರ ತರಬೇತಿ, ಗುಲಾಮಗಿರಿಯ ಪಾಠ, ಗ್ರಂಥಾಲಯದ ಪುಸ್ತಕ ಎಲ್ಲವೂ ಅದರೊಳಗೆ ಬಿದ್ದವು. 'ನಾವು ಸಿಆರ್‌ಟಿ ಕಲಿಸುತ್ತಿಲ್ಲ' ಎಂಬ ಶಾಲೆಯ ಮಾತು ಮೂಲ ಅರ್ಥದಲ್ಲಿ ನಿಜ. 'ನನ್ನ ಮಗುವಿಗೆ ಕಲಿಸುತ್ತಿದ್ದಾರೆ' ಎನ್ನುವ ತಾಯಿಯ ಮಾತು ಚೀಲದ ಅರ್ಥದಲ್ಲಿ ನಿಜವಿರಬಹುದು. ಒಂದೇ ಪದ ಹಿಡಿದು ಇಬ್ಬರೂ ಬೇರೆಬೇರೆ ವಸ್ತುವಿನ ಬಗ್ಗೆ ಜಗಳವಾಡುತ್ತಿದ್ದರು.

ಕಾಯಿದೆಗಳಲ್ಲಿ ಏನಿದೆ?

ಬೈಡನ್ ಅಧಿಕಾರಕ್ಕೆ ಬಂದ ದಿನವೇ ಟ್ರಂಪ್ ಆದೇಶವನ್ನು ರದ್ದು ಮಾಡಿದರು. ಆದರೆ ಅದರ ಮಾತುಗಳು ರಾಜ್ಯಗಳ ಕಾಯಿದೆಗಳಲ್ಲಿ ಮರುಹುಟ್ಟು ಪಡೆದವು. 2021ರಲ್ಲಿ ಐಡಹೊ, ಒಕ್ಲಹೋಮ, ಟೆನಿಸಿ, ಟೆಕ್ಸಸ್, 2022ರಲ್ಲಿ ಫ್ಲೋರಿಡಾ, ಹೀಗೆ ಹದಿನೈದಕ್ಕೂ ಹೆಚ್ಚು ರಾಜ್ಯಗಳು ನಿರ್ಬಂಧ ತಂದವು. ಇವುಗಳಲ್ಲಿ 'ಗುಲಾಮಗಿರಿಯ ಬಗ್ಗೆ ಕಲಿಸಬಾರದು' ಎಂದು ಎಲ್ಲೂ ಇಲ್ಲ. ಒಂದು ಜನಾಂಗ ಇನ್ನೊಂದಕ್ಕಿಂತ ಹುಟ್ಟಿನಿಂದಲೇ ಮೇಲು ಎನ್ನಬಾರದು, ತನ್ನ ಜನಾಂಗದ ಕಾರಣಕ್ಕೆ ಯಾರೇ ಆಗಲಿ ಅಪರಾಧಿ ಭಾವನೆ ಹೊಂದಬೇಕು ಎಂದು ಕಲಿಸಬಾರದು, ಈ ಬಗೆಯ ಮಾತುಗಳಿವೆ. ಓದಿದರೆ ತಕರಾರು ಮಾಡಲು ಏನಿದೆ ಎನಿಸುತ್ತದೆ.

ತೊಡಕಿರುವುದು ತರಗತಿಯಲ್ಲಿ. ಹರಾಜಿನ ಕಟ್ಟೆಯ ಮೇಲೆ ತಾಯಿಯಿಂದ ಮಗುವನ್ನು ಬೇರ್ಪಡಿಸಿದ ಕಥೆ ಹೇಳುವಾಗ ಮುಂದಿನ ಬೆಂಚಿನ ಹುಡುಗ ತಾನಾಗಿಯೇ ನೊಂದುಕೊಂಡರೆ, ಅದು ಶಿಕ್ಷಕರು 'ಕಲಿಸಿದ' ನೋವೇ? ಇಂಥದ್ದಕ್ಕೆ ಕಾಯಿದೆಯಲ್ಲಿ ಉತ್ತರವಿಲ್ಲ. ಟೆಕ್ಸಸ್‌ನ ಸೌತ್‌ಲೇಕ್‌ನಲ್ಲಿ 2021ರ ಅಕ್ಟೋಬರ್‌ನಲ್ಲಿ ನಡೆದದ್ದು ನೋಡಿ. ವಿವಾದಿತ ವಿಷಯಗಳಲ್ಲಿ ಹಲವು ದೃಷ್ಟಿಕೋನ ಕೊಡಬೇಕೆಂದು ಹೊಸ ಕಾಯಿದೆ ಹೇಳಿತ್ತು. ಯಹೂದಿಗಳ ನರಮೇಧದ ಬಗ್ಗೆ ಪುಸ್ತಕ ಇಟ್ಟುಕೊಂಡರೆ ವಿರುದ್ಧ ದೃಷ್ಟಿಕೋನದ ಪುಸ್ತಕವನ್ನೂ ಇಟ್ಟುಕೊಳ್ಳಿ ಎಂದು ಅಧಿಕಾರಿಯೊಬ್ಬರು ಶಿಕ್ಷಕರಿಗೆ ಸೂಚಿಸಿದರು. ಮಾತು ರೆಕಾರ್ಡ್ ಆಗಿ ಸುದ್ದಿಯಾಯಿತು, ಜಿಲ್ಲೆ ಕ್ಷಮೆ ಕೇಳಿತು. ನ್ಯೂಹ್ಯಾಂಪ್‌ಶೈರ್‌ನ ಇಂಥದ್ದೇ ಕಾಯಿದೆಯನ್ನು 2024ರ ಮೇ ತಿಂಗಳಲ್ಲಿ ಫೆಡರಲ್ ನ್ಯಾಯಾಧೀಶರು ರದ್ದು ಮಾಡಿದ್ದೂ ಅಸ್ಪಷ್ಟತೆಯ ಕಾರಣಕ್ಕೆ: ಗೆರೆ ಎಲ್ಲಿದೆ ಎಂದು ಹೇಳದೆ ಗೆರೆ ದಾಟಿದವರ ಕೆಲಸ ಕಿತ್ತುಕೊಳ್ಳಲಾಗದು.

ಈ ಜಗಳ ಹೊಸದೂ ಅಲ್ಲ. ವಿಕಾಸವಾದ ಕಲಿಸಿದ್ದಕ್ಕೆ ಟೆನಿಸಿಯ ಡೇಟನ್‌ನಲ್ಲಿ ಜಾನ್ ಸ್ಕೋಪ್ಸ್ ಎಂಬ ಶಿಕ್ಷಕನಿಗೆ 100 ಡಾಲರ್ ದಂಡ ಬಿದ್ದದ್ದು 1925ರಲ್ಲಿ. ವೆಸ್ಟ್ ವರ್ಜೀನಿಯಾ ರಾಜ್ಯದ ಕನಾವಾ ಕೌಂಟಿಯಲ್ಲಿ 1974ರಲ್ಲಿ ಹೊಸ ಪಠ್ಯಪುಸ್ತಕಗಳ ವಿರುದ್ಧ ಎದ್ದ ಚಳವಳಿಯ ವೇಳೆ ಶಾಲೆಗಳಿಗೆ ಬಾಂಬ್ ಬಿದ್ದಿತ್ತು.

ಲೌಡನ್‌ನ ಆ ಸಂಜೆ

ಇನ್ನು ತಂಗಿಯ ಊರಿಗೆ ಬರೋಣ. ಲೌಡನ್‌ನ ಶಾಲೆಗಳಲ್ಲಿ ಬಿಳಿಯ-ಕಪ್ಪು ಮಕ್ಕಳ ಪ್ರತ್ಯೇಕತೆ ಪೂರ್ತಿ ಹೋದದ್ದು 1960ರ ದಶಕದ ಕೊನೆಯಲ್ಲಿ, ಸುಪ್ರೀಂ ಕೋರ್ಟ್ ತೀರ್ಪು ಬಂದು ಹತ್ತು ವರ್ಷಕ್ಕೂ ಹೆಚ್ಚು ಕಳೆದ ಮೇಲೆ. 2019ರಲ್ಲಿ ಅಲ್ಲಿನ ಒಂದು ಪ್ರಾಥಮಿಕ ಶಾಲೆಯ ವ್ಯಾಯಾಮ ತರಗತಿಯಲ್ಲಿ ತಪ್ಪಿಸಿಕೊಂಡು ಓಡುವ ಗುಲಾಮರ ಆಟವನ್ನು ಮಕ್ಕಳಿಂದ ಆಡಿಸಿದ್ದು ದೊಡ್ಡ ಸುದ್ದಿಯಾಯಿತು. ಜಿಲ್ಲೆ ಸಲಹೆಗಾರರನ್ನು ಕರೆಸಿತು, ಶಿಕ್ಷಕರಿಗೆ ತರಬೇತಿ ಕೊಡಿಸಿತು, 2020ರಲ್ಲಿ ಹಳೆಯ ಪ್ರತ್ಯೇಕತೆಗಾಗಿ ಕ್ಷಮೆ ಕೇಳಿತು. ಪಾಠಗಳು ಆನ್‌ಲೈನ್ ಆಗಿದ್ದ ಕೊರೊನಾ ಕಾಲ ಅದು. ತರಗತಿಯ ಮಾತು ಅಡುಗೆಮನೆಗೆ ಕೇಳಿಸುತ್ತಿತ್ತು. ಶಾಲೆ ಮುಚ್ಚಿದ್ದರ ಸಿಟ್ಟು, ಮಾಸ್ಕಿನ ಸಿಟ್ಟು, ತರಬೇತಿಯ ಸಿಟ್ಟು ಒಟ್ಟಾದವು. ಫ್ಲೋರಿಡಾದಲ್ಲಿ 2021ರ ಜನವರಿಯಲ್ಲಿ 'ಮಾಮ್ಸ್ ಫಾರ್ ಲಿಬರ್ಟಿ' ಎಂಬ ಪೋಷಕರ ಬಲಪಂಥೀಯ ಸಂಘಟನೆ ಹುಟ್ಟಿದ್ದೂ ಇದೇ ಹದದಲ್ಲಿ.

2021ರ ಜೂನ್ 22ರ ಬೋರ್ಡ್ ಸಭೆಯಲ್ಲಿ ಮಾತನಾಡಲು 250ಕ್ಕೂ ಹೆಚ್ಚು ಜನ ಹೆಸರು ಕೊಟ್ಟಿದ್ದರು. ಜನಾಂಗದ ವಿಷಯದ ಜೊತೆಗೆ ಲಿಂಗಾಂತರಿ ವಿದ್ಯಾರ್ಥಿಗಳ ಕುರಿತ ನೀತಿಯೂ ಚರ್ಚೆಯಲ್ಲಿತ್ತು. ಕೂಗಾಟ ಹೆಚ್ಚಿ ಬೋರ್ಡ್ ಮೈಕ್ ನಿಲ್ಲಿಸಿತು, ಪೊಲೀಸರು ಸಭೆಯನ್ನು ಚದುರಿಸಿದರು, ಒಬ್ಬ ತಂದೆಯನ್ನು ಬಂಧಿಸಿದರು. ಆ ದೃಶ್ಯ ದೇಶವೆಲ್ಲ ಸುತ್ತಿತು. ಸೆಪ್ಟೆಂಬರ್ ಕೊನೆಯಲ್ಲಿ ಸ್ಕೂಲ್ ಬೋರ್ಡುಗಳ ರಾಷ್ಟ್ರೀಯ ಸಂಘ ಅಧ್ಯಕ್ಷರಿಗೆ ಪತ್ರ ಬರೆದು, ಇಂಥ ಕೃತ್ಯಗಳನ್ನು ದೇಶದೊಳಗಿನ ಭಯೋತ್ಪಾದನೆಗೆ ಹೋಲಿಸಿತು.

ಕೆಲವೇ ದಿನಗಳಲ್ಲಿ ಬಲಪಂಥೀಯ ಸುದ್ದಿತಾಣವೊಂದು ಆ ತಂದೆಯ ಹಿನ್ನೆಲೆ ಬಯಲು ಮಾಡಿತು. ಸಭೆಗೆ ಮುಂಚಿನ ತಿಂಗಳು ಅವರ ಮಗಳ ಮೇಲೆ ಶಾಲೆಯ ಶೌಚಾಲಯದಲ್ಲಿ ಲೈಂಗಿಕ ದೌರ್ಜನ್ಯ ನಡೆದಿತ್ತು. ಆರೋಪಿಯನ್ನು ಬೇರೆ ಶಾಲೆಗೆ ಹಾಕಿದರು. ಅಲ್ಲಿ ಇನ್ನೊಬ್ಬಳ ಮೇಲೆ ದಾಳಿಯಾಯಿತು. ಬಾಲನ್ಯಾಯಾಲಯದಲ್ಲಿ ಅಪರಾಧ ಸಾಬೀತಾಯಿತು. ಘಟನೆಯನ್ನು ಹಲವರು ಲಿಂಗಾಂತರಿ ನೀತಿಗೆ ತಳುಕು ಹಾಕಿದರು. ಆದರೆ ಅದು ನಡೆದಾಗ ಆ ನೀತಿ ಇನ್ನೂ ಜಾರಿಯಾಗಿರಲಿಲ್ಲ. ಶಾಲಾ ಆಡಳಿತದ ಲೋಪ ಮಾತ್ರ ನಿಜ. 2022ರ ಡಿಸೆಂಬರ್‌ನಲ್ಲಿ ವಿಶೇಷ ಗ್ರ್ಯಾಂಡ್ ಜ್ಯೂರಿ, ಅಂದರೆ ನಾಗರಿಕರ ತನಿಖಾ ಮಂಡಳಿ, ಕಟುವಾದ ವರದಿ ಕೊಟ್ಟಿತು, ಮುಖ್ಯ ಅಧಿಕಾರಿಯ ಕೆಲಸ ಹೋಯಿತು. ರಾಷ್ಟ್ರೀಯ ಸಂಘ ತನ್ನ ಪತ್ರಕ್ಕೆ ಅಷ್ಟರಲ್ಲೇ ಕ್ಷಮೆ ಕೇಳಿಯಾಗಿತ್ತು.

ನನಗೆ ಕಾಣುವಂತೆ ಈ ಇಡೀ ಜಗಳದ ಗಂಟು ಇಲ್ಲಿದೆ. ಮೊದಲು ಬಂದ ಚಿತ್ರ: ಸಭೆ ಕೆಡಿಸಿದ ಕೋಪಿಷ್ಠ ಅಪ್ಪ. ಸುಮಾರು ನಾಲ್ಕು ತಿಂಗಳ ನಂತರ ಬಂದ ಚಿತ್ರ: ಕೇಳುವವರಿಲ್ಲದ ಅಪ್ಪ. ಎರಡನೆಯದನ್ನು ತನ್ನ ಕಡೆಯ ತಾಣದಲ್ಲೇ ಮೊದಲು ಓದಿದವನು ದೊಡ್ಡ ಪತ್ರಿಕೆಗಳನ್ನು ಮತ್ತೆ ನಂಬುವುದು ಕಷ್ಟ.

ಪತ್ರಿಕೆಯನ್ನು ನಂಬುವವರು ಯಾರು?

ಪತ್ರಿಕೆ, ಟಿವಿ, ರೇಡಿಯೊ ಸುದ್ದಿಯನ್ನು ಪೂರ್ತಿಯಾಗಿ, ನಿಖರವಾಗಿ, ನ್ಯಾಯವಾಗಿ ಕೊಡುತ್ತವೆಯೇ ಎಂದು ಜನಾಭಿಪ್ರಾಯ ಸಮೀಕ್ಷೆ ನಡೆಸುವ ಗ್ಯಾಲಪ್ ಸಂಸ್ಥೆ 1970ರ ದಶಕದಿಂದ ಅಮೆರಿಕನ್ನರನ್ನು ಕೇಳುತ್ತಿದೆ. 1976ರಲ್ಲಿ ಶೇ 72ರಷ್ಟು ಜನ ವಿಶ್ವಾಸವಿದೆ ಎಂದಿದ್ದರು. 2025ರಲ್ಲಿ ಹಾಗೆಂದವರು ಶೇ 28. ಪಕ್ಷವಾರು ನೋಡಿದರೆ ಡೆಮಾಕ್ರಟರಲ್ಲಿ ಅರ್ಧದಷ್ಟು, ರಿಪಬ್ಲಿಕನ್ನರಲ್ಲಿ ಹತ್ತಕ್ಕೆ ಒಬ್ಬರೂ ಇಲ್ಲ.

ಇದು ತಾನಾಗಿ ಆದದ್ದೂ ಹೌದು, ಮಾಡಿದ್ದೂ ಹೌದು. 1969ರ ನವೆಂಬರ್‌ನಲ್ಲಿ ಉಪಾಧ್ಯಕ್ಷ ಸ್ಪೈರೊ ಆಗ್ನ್ಯೂ, ಯಾರೂ ಆರಿಸದ ಬೆರಳೆಣಿಕೆಯ ಜನ ಟಿವಿ ಸುದ್ದಿಯನ್ನು ಆಳುತ್ತಿದ್ದಾರೆ ಎಂದು ಬಹಿರಂಗವಾಗಿ ಹರಿಹಾಯ್ದರು. ಅದೇ ವರ್ಷ ರೀಡ್ ಇರ್ವಿನ್ ಎಂಬ ಅರ್ಥಶಾಸ್ತ್ರಜ್ಞ ಮಾಧ್ಯಮಗಳ ಎಡ ವಾಲುವಿಕೆಯನ್ನು ಹಿಡಿದು ತೋರಿಸಲು 'ಆ್ಯಕ್ಯುರಸಿ ಇನ್ ಮೀಡಿಯಾ' ಕಟ್ಟಿದರು. ವಿವಾದದ ಎರಡೂ ಮಗ್ಗುಲು ಪ್ರಸಾರ ಮಾಡಬೇಕೆಂಬ ನಿಯಮ 1987ರಲ್ಲಿ ಹೋಯಿತು, ಬಲಪಂಥೀಯ ರೇಡಿಯೊ ಮೆರೆಯಿತು, 1996ರಲ್ಲಿ ಫಾಕ್ಸ್ ನ್ಯೂಸ್ ಬಂತು. ಎರಡು ಬಣಕ್ಕೆ ಎರಡು ಸುದ್ದಿಮನೆ.

ಆ ಇರ್ವಿನ್ ಸಂಸ್ಥೆ ಈಗ ಏನು ಮಾಡುತ್ತಿದೆ ಎಂದು ನೋಡಿದರೆ ಕೊಂಡಿ ಕೂಡುತ್ತದೆ. ಅದರ ಕಡೆಯವರು ಗುಪ್ತ ಕ್ಯಾಮೆರಾ ಇಟ್ಟುಕೊಂಡು ಒಹಾಯೊ, ಐಡಹೊ ಮುಂತಾದ ಕಡೆ ಶಾಲಾ ಅಧಿಕಾರಿಗಳನ್ನು ಮಾತಿಗೆಳೆದರು. ಕಾಯಿದೆ ಏನೇ ಹೇಳಲಿ, ಹೆಸರು ಬದಲಿಸಿ ಅದನ್ನೇ ಕಲಿಸುತ್ತೇವೆ ಎಂಬರ್ಥದ ತುಣುಕುಗಳು ಹೊರಬಂದವು. ಬೆಂಬಲಿಗರಿಗೆ ಇದು ಪತ್ರಿಕೆಗಳು ಮಾಡದ ತನಿಖೆ. ಟೀಕಾಕಾರರಿಗೆ ಹಿಂದುಮುಂದಿನ ಮಾತು ಕತ್ತರಿಸಿದ ಬಲೆ. ಮಾಧ್ಯಮದ ಮೇಲೆ ಕಣ್ಣಿಡಲು ಹುಟ್ಟಿದ ಸಂಸ್ಥೆ ತಾನೇ ಮಾಧ್ಯಮವಾಗಿ ತರಗತಿಯ ಬಾಗಿಲಿಗೆ ಬಂದು ನಿಂತಿದೆ.

ಮತಪೆಟ್ಟಿಗೆ, ಆಮೇಲೆ ನ್ಯಾಯಾಲಯ

2021ರ ವರ್ಜೀನಿಯಾ ಗವರ್ನರ್ ಚುನಾವಣೆಯಲ್ಲಿ ಡೆಮಾಕ್ರಟ್ ಅಭ್ಯರ್ಥಿ ಟೆರಿ ಮೆಕಾಲಿಫ್, ಶಾಲೆ ಏನು ಕಲಿಸಬೇಕೆಂದು ಪೋಷಕರು ಹೇಳಬೇಕಿಲ್ಲ ಎಂಬರ್ಥದ ಮಾತಾಡಿದರು. ರಿಪಬ್ಲಿಕನ್ ಎದುರಾಳಿ ಗ್ಲೆನ್ ಯಂಗ್‌ಕಿನ್ ಅದನ್ನೇ ಜಾಹೀರಾತು ಮಾಡಿ ಸುಮಾರು ಶೇ 2ರಷ್ಟು ಮತಗಳ ಅಂತರದಿಂದ ಗೆದ್ದರು. 2022ರ ಜನವರಿಯಲ್ಲಿ ಅಧಿಕಾರ ಹಿಡಿದ ದಿನ ಹೊರಡಿಸಿದ ಮೊದಲ ಆದೇಶವೇ ಶಾಲೆಗಳಲ್ಲಿ 'ಒಡಕು ತರುವ ಪರಿಕಲ್ಪನೆ'ಗಳ ನಿಷೇಧ. ಹಾಗೆಂದು ಗಾಳಿ ಒಂದೇ ದಿಕ್ಕಿಗೆ ಬೀಸಲಿಲ್ಲ. 2023ರ ಸ್ಕೂಲ್ ಬೋರ್ಡ್ ಚುನಾವಣೆಗಳಲ್ಲಿ ಮಾಮ್ಸ್ ಫಾರ್ ಲಿಬರ್ಟಿ ಬೆಂಬಲಿತರು ಹಲವೆಡೆ ಸೋತರು.

ಭಾರತೀಯರು ಇದರಲ್ಲಿ ಪ್ರೇಕ್ಷಕರಲ್ಲ. ಪಕ್ಕದ ಫೇರ್‌ಫ್ಯಾಕ್ಸ್ ಕೌಂಟಿಯ ಥಾಮಸ್ ಜೆಫರ್ಸನ್ ಹೈಸ್ಕೂಲು ವಿಜ್ಞಾನಕ್ಕೆ ಹೆಸರಾದದ್ದು. ಲೌಡನ್ ಮಕ್ಕಳಿಗೂ ಅಲ್ಲಿ ಸೀಟುಂಟು. 2020ರಲ್ಲಿ ಪ್ರವೇಶ ಪರೀಕ್ಷೆ ತೆಗೆದು ಬೇರೆ ಮಾನದಂಡ ತಂದರು. ಮರುವರ್ಷ ಪ್ರವೇಶ ಪಡೆದವರಲ್ಲಿ ಏಷ್ಯನ್ ಮೂಲದವರ ಪಾಲು ಶೇ 73ರಿಂದ 54ಕ್ಕೆ ಇಳಿಯಿತು, ಕಪ್ಪು ಮತ್ತು ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷಿಕ ದೇಶಗಳ ಮೂಲದ) ಮಕ್ಕಳ ಪಾಲು ಏರಿತು. ಪೋಷಕರು ಕೋರ್ಟಿಗೆ ಹೋದರು. ಮೇಲ್ಮನವಿ ನ್ಯಾಯಾಲಯ ಹೊಸ ಪದ್ಧತಿಯನ್ನು ಎತ್ತಿಹಿಡಿಯಿತು, ಸುಪ್ರೀಂ ಕೋರ್ಟ್ 2024ರಲ್ಲಿ ಪ್ರಕರಣ ಕೈಗೆತ್ತಿಕೊಳ್ಳಲಿಲ್ಲ. ಆರನೇ ತರಗತಿಯ ಪುಸ್ತಕದಲ್ಲಿ ಹಿಂದೂ ಧರ್ಮದ ಚಿತ್ರಣದ ಬಗ್ಗೆ ಕ್ಯಾಲಿಫೋರ್ನಿಯಾದಲ್ಲಿ 2005-06ರಲ್ಲೇ ಭಾರತೀಯ ಸಂಘಟನೆಗಳು ಪರವಿರೋಧವಾಗಿ ನಿಂತಿದ್ದವು.

2025ರ ಜನವರಿಯಲ್ಲಿ ಟ್ರಂಪ್ ಮತ್ತೆ ಶಾಲೆಗಳ ಬೋಧನೆಯ ಮೇಲೆ ಆದೇಶ ಹೊರಡಿಸಿದರು, ಮಾರ್ಚ್‌ನಲ್ಲಿ ಕೇಂದ್ರ ಶಿಕ್ಷಣ ಇಲಾಖೆಯನ್ನೇ ಮುಚ್ಚುವ ಕೆಲಸಕ್ಕೆ ಸಹಿ ಹಾಕಿದರು. ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಮೇರಿಲ್ಯಾಂಡ್‌ನ ಪ್ರಕರಣವೊಂದರಲ್ಲಿ ಮುಸ್ಲಿಂ ಮತ್ತು ಕ್ರೈಸ್ತ ಪೋಷಕರ ಪರ ನಿಂತಿತು: ಧಾರ್ಮಿಕ ನಂಬಿಕೆಗೆ ಒಗ್ಗದ ಸಲಿಂಗಿ, ಲಿಂಗಾಂತರಿ ಕಥೆಪುಸ್ತಕಗಳ ಪಾಠದಿಂದ ಮಕ್ಕಳನ್ನು ಹೊರಗಿಡಲು ಅವಕಾಶ ಕೊಡಬೇಕು.

ತಂಗಿಯ ಮಗಳು ನಾಲ್ಕನೇ ತರಗತಿ. ವರ್ಜೀನಿಯಾದಲ್ಲಿ ಆ ತರಗತಿಗೆ ರಾಜ್ಯದ ಇತಿಹಾಸವೇ ಪಾಠ. 2022ರಲ್ಲಿ ಬಂದ ಕರಡು ಪಟ್ಟಿಯಲ್ಲಿ ಮೂಲನಿವಾಸಿಗಳನ್ನು 'ಮೊದಲ ವಲಸಿಗರು' ಎಂದು ಬರೆದು ದೊಡ್ಡ ರಗಳೆಯಾಯಿತು. ತಿದ್ದಿದ ಪಟ್ಟಿ 2023ರ ಏಪ್ರಿಲ್‌ನಲ್ಲಿ ಒಪ್ಪಿಗೆ ಪಡೆಯಿತು. ನನ್ನ ಉತ್ತರ ಓದಿ ತಂಗಿ ಮಗಳ ನೋಟ್‌ಬುಕ್ಕಿನ ಒಂದು ಪುಟದ ಫೋಟೊ ಕಳಿಸಿದಳು. ಪೆನ್ಸಿಲ್ಲಿನಲ್ಲಿ ಬರೆದ ಹಡಗು, ಪಕ್ಕದಲ್ಲಿ 1619.

"ಇದು ಸಿಆರ್‌ಟಿಯೋ ಅಲ್ಲವೋ, ಅಣ್ಣಾ?"

ಅಲ್ಲ ಎಂದೆ. ಜೇಮ್ಸ್‌ಟೌನ್‌ಗೆ ಆಫ್ರಿಕನ್ನರು ಬಂದ ಪಾಠ ವರ್ಜೀನಿಯಾದ ನಾಲ್ಕನೇ ತರಗತಿಯಲ್ಲಿ ಈ ಜಗಳ ಶುರುವಾಗುವ ಎಷ್ಟೋ ವರ್ಷ ಮೊದಲಿನಿಂದಲೇ ಇದೆ.